ಹದಿನೆಂಟು ಮನೆ, ಒಂದೇ ಬೋರ್ಡು

ನಮ್ಮಕ್ಕ ಶಾಲೆಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಾಳೆ. ನಾನು ಅದೇ ಶಾಲೆಯಲ್ಲಿ ಡ್ರಾಯಿಂಗ್ ಟೀಚರು. ಹಾಗಾಗಿ ಅವಳ ಗೋಳನ್ನು ಮನೆಯಲ್ಲೂ ಕೇಳಬೇಕು, ಸ್ಟಾಫ್ ರೂಮಿನಲ್ಲೂ ಕೇಳಬೇಕು. ನನ್ನ ಹಣೆಬರಹ!

ಗೋಳಿಗೆ ಕಾರಣ ಅಂಗೈಯಗಲದ ಮೈಕ್ರೋಕಂಟ್ರೋಲರ್ ಬೋರ್ಡು, ಹೇಳಿಕೊಟ್ಟಂತೆ ದೀಪ ಹೊತ್ತಿಸಿ ಆರಿಸುವ ಪುಟ್ಟ ಕಂಪ್ಯೂಟರು. ವೈರು ಸಿಕ್ಕಿಸುವ ಅದರ ಒಂದೊಂದು ಪಿನ್ನೂ ಪುಟ್ಟ ದೀಪ ಹೊತ್ತಿಸುವಷ್ಟು ಕರೆಂಟು ಮಾತ್ರ ಕೊಡಬಲ್ಲದು, ಇಪ್ಪತ್ತು ಮಿಲಿಆಂಪಿನ ಆಸುಪಾಸು. ಮಕ್ಕಳು ಕೇಳಬೇಕಲ್ಲ! ಪಿನ್ನಿಗೆ ನೇರವಾಗಿ ಮೋಟಾರನ್ನೇ ಸಿಕ್ಕಿಸಿ ಒಂದರ ಹಿಂದೊಂದು ಬೋರ್ಡು ಸುಟ್ಟರು. ಕೊನೆಗೆ ಉಳಿದದ್ದು ಒಂದೇ. ಹೆಡ್ ಮೇಡಂ ಖಡಾಖಂಡಿತವಾಗಿ ಹೇಳಿಬಿಟ್ಟರು: “ಇದೂ ಹೋದ್ರೆ ಕ್ಲಾಸೇ ಬಂದ್. ಆಮೇಲೆ ನನ್ ಹತ್ರ ಬರ್ಬೇಡಿ.”

ಆ ಕ್ಲಾಸೆಂದರೆ ಅಕ್ಕನಿಗೆ ಪ್ರಾಣ. ಅಂದಿನಿಂದ ಅವಳು ಮಕ್ಕಳ ಬೆನ್ನು ಬಿಡಲಿಲ್ಲ. ಪ್ರತಿ ದೀಪಕ್ಕೂ ಕರೆಂಟು ತಗ್ಗಿಸುವ ರೆಸಿಸ್ಟರ್, ಪ್ರತಿ ಪಿನ್ನಿಗೂ ಲೆಕ್ಕ. ಪೋಷಕರ ದಿನಕ್ಕೆಂದು ಹದಿನೆಂಟು ಮಕ್ಕಳೂ ಸೇರಿ ಎರಡು ಬೀದಿಯ ರಟ್ಟಿನ ಊರು ಕಟ್ಟಿದರು. ತಲೆಗೊಂದು ಮನೆ, ಮನೆಗೊಂದು ದೀಪ. ಒಂದೊಂದಾಗಿ ಹೊತ್ತಿಸಿ ಮೀಟರಿನಲ್ಲಿ ನೋಡಿದರು. ದೀಪಕ್ಕೆ ಹದಿನೈದು ಮಿಲಿಆಂಪ್, ಎಲ್ಲವೂ ಸರಿಯಾಗಿತ್ತು.

ಪೋಷಕರು ಬಂದು ಕೂತ ಮೇಲೆ ಹೆಡ್ ಮೇಡಂ, “ಎಲ್ಲಾ ದೀಪ ಒಟ್ಟಿಗೆ ಹತ್ತಲಿ!” ಎಂದರು. ಸ್ವಿಚ್ಚಿನ ಮೇಲೆ ಕೈಯಿಟ್ಟ ಅಕ್ಕ ಹಾಗೇ ನಿಂತುಬಿಟ್ಟಳು. ಅವಳ ತುಟಿ ಅಲ್ಲಾಡುತ್ತಿತ್ತು; ಲೆಕ್ಕ ಕೂಡುತ್ತಿದ್ದಳು. ಒಟ್ಟು ಇನ್ನೂರೆಪ್ಪತ್ತು. ಬೋರ್ಡಿನ ಚಿಪ್ ಒಟ್ಟಾರೆ ತಡೆಯುವ ಮಿತಿ ಇನ್ನೂರು. ಒಂದೊಂದು ಪಿನ್ನನ್ನೂ ಅಷ್ಟು ಜೋಪಾನವಾಗಿ ಅಳೆದವರಲ್ಲಿ ಒಬ್ಬರೂ ಒಟ್ಟು ಕೂಡಿ ನೋಡಿರಲಿಲ್ಲ, ದೇವರಾಣೆ!

“ಒಟ್ಟಿಗೆ ಹಾಕಲ್ಲ ಮೇಡಂ. ಬೋರ್ಡ್ ಸುಟ್ಟೋಗ್ಬಹುದು,” ಎಂದಳು.

“ಎಲ್ಲರ ಮುಂದೆ ನನ್ ಮರ್ಯಾದೆ ತೆಗೀಬೇಡಿ,” ಹೆಡ್ ಮೇಡಂ ಹಲ್ಲು ಕಚ್ಚಿ ಪಿಸುಗುಟ್ಟಿದರು. “ಒಂದ್ ನಿಮಿಷ ಹಾಕಿ ಆರ್ಸಿ. ಏನೂ ಆಗಲ್ಲ.”

ಅಕ್ಕ ಪೋಷಕರ ಕಡೆ ತಿರುಗಿದಳು. “ಮಕ್ಕಳ ಲೆಕ್ಕ ಸರಿ ಇದೆ. ಒಟ್ಟು ಕೂಡೋದನ್ನ ನಾನೇ ಹೇಳ್ಕೊಟ್ಟಿರ್ಲಿಲ್ಲ. ತಪ್ಪು ನಂದು.” ಅರ್ಧ ವೈರು ಕಿತ್ತು ಒಂದು ಬೀದಿಗೆ ದೀಪ ಹಾಕಿಸಿದಳು, ಅದನ್ನು ಆರಿಸಿ, ವೈರು ಬದಲಿಸಿ ಇನ್ನೊಂದಕ್ಕೆ. ಚಪ್ಪಾಳೆ ಬಿತ್ತು ಅನ್ನುವುದಕ್ಕಷ್ಟೇ ಬಿತ್ತು. ಹೆಡ್ ಮೇಡಂ ಮುಖ ನೋಡಿ, ಕ್ಲಾಸಿನ ಕಥೆ ಮುಗಿಯಿತು ಅಂದುಕೊಂಡೆ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಎಲ್ಲರೂ ಹೋದ ಮೇಲೆ ಹೆಡ್ ಮೇಡಂ ಕಾರಿಡಾರಿನಲ್ಲಿ ಅಕ್ಕನನ್ನು ತಡೆದರು.

“ಬೋರ್ಡ್ ಉಳೀತಾ?”

“ಉಳೀತು.”

“ಸರಿ. ಸೋಮವಾರ ಕ್ಲಾಸ್ ತಗೊಳ್ಳಿ. ಮೊದಲು ಆ ಕೂಡೋ ಲೆಕ್ಕ ಕಲ್ಸಿ.” ಗಂಟಿಕ್ಕಿದ ಮುಖದಲ್ಲೇ ಹೇಳಿ ಹೊರಟುಹೋದರು.

ಅವರು ಮರೆಯಾಗುವವರೆಗೆ ತಡೆದುಕೊಂಡಿದ್ದ ಅಕ್ಕ, ನನ್ನ ಭುಜ ಹಿಡಿದು ಬಿಕ್ಕತೊಡಗಿದಳು.

“ಅಯ್ಯೋ, ಕ್ಲಾಸ್ ಉಳೀತಲ್ಲಾ ಅಕ್ಕ! ಈಗ್ಯಾಕೆ ಅಳ್ತೀಯಾ?”

“ಅದಕ್ಕೇ ಕಣೇ,” ಎಂದು ಇನ್ನೂ ಜೋರಾಗಿ ಅತ್ತಳು.