ಮೂರು ಶಂಕು, ಹತ್ತು ಬೆರಳು

ಯರಗೇರಾದ ಕ್ಯಾಂಪಸ್ಸಿನಲ್ಲಿ ನಾನು ಬಣ್ಣದ ಪಾಠ ಮಾಡುತ್ತೇನೆ. ಕಣ್ಣಿನೊಳಗೆ ಬಣ್ಣ ಗುರುತಿಸುವ ಮೂರು ಬಗೆಯ ಶಂಕುಕೋಶಗಳಿವೆ. ಒಂದು ಬಣ್ಣಕ್ಕೆ ಆ ಮೂರೂ ಎಷ್ಟೆಷ್ಟು ಮಿಡಿದವು ಎಂದು ಪಾಲು ಹಾಕಿದರೆ, ಆ ಬಣ್ಣ ನಕ್ಷೆಯ ಮೇಲೆ ಒಂದು ಚುಕ್ಕೆಯಾಗಿ ಕೂರುತ್ತದೆ. ಲೋಕದ ಬಣ್ಣವೆಲ್ಲ ಒಂದೇ ಹಾಳೆಯಲ್ಲಿ! ಇದನ್ನು ಹೇಳುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಆಗ ಯಾರಾದರೂ ಆಕಳಿಸಿದರೆ ಸಿಟ್ಟು ನೆತ್ತಿಗೇರುತ್ತದೆ.

ಹೋದ ಚಳಿಗಾಲ ಬಾಗಲವಾಡದ ಮನೆಗೆ ಹೋದಾಗ ಅವ್ವ ಅಂಗಳದಲ್ಲಿ ರಂಪ ಎಬ್ಬಿಸಿದ್ದಳು. ಅಪ್ಪ ಬಿಡಿಸಿ ತಂದ ಕೆಂಪು ಮೆಣಸಿನಕಾಯಿಯ ರಾಶಿಯಲ್ಲಿ ಅರ್ಧಕ್ಕರ್ಧ ಹಸಿರು ಕಾಯಿ.

"ಬಿಡಿಸೋದು ಮೊದಲ ನಿಧಾನ, ಈಗ ಕಣ್ಣೂ ಹೋದವೇನು? ನಾಳಿಂದ ಹೊಲಕ್ಕ ಬರಬ್ಯಾಡ್ರಿ, ಮನ್ಯಾಗ ಕುಂದರ್ರಿ!"

ಅಪ್ಪ ತಲೆ ಎತ್ತಲಿಲ್ಲ. ಹೊಲ ಬಿಟ್ಟರೆ ಅವನಿಗೆ ಬೇರೆ ಏನೂ ಗೊತ್ತಿಲ್ಲ.

ಅಪ್ಪನಿಗೆ ಬಣ್ಣಗುರುಡು ಇದೆಯೇನೋ ಎಂದು ನನಗೆ ಅನುಮಾನ ಬಂತು. ಒಂದು ಬಗೆಯ ಶಂಕು ಇಲ್ಲದವರಿಗೆ ನಕ್ಷೆಯ ಕೆಲವು ಗೆರೆಗಳುದ್ದಕ್ಕೂ ಬಣ್ಣಗಳು ಒಂದೇ ಥರ ಕಾಣುತ್ತವೆ. ಲ್ಯಾಪ್‌ಟಾಪ್ ತೆರೆದು, ಅಂಥ ಒಂದು ಗೆರೆಯ ಮೇಲಿನ ಎಂಟು ಚೌಕಗಳನ್ನು ಹಸಿರಿನಿಂದ ಕೆಂಪಿನವರೆಗೆ ಸಾಲಾಗಿಟ್ಟೆ.

"ಯಪ್ಪಾ, ಎಷ್ಟು ಬಣ್ಣ ಅದಾವ?"

"ಎಷ್ಟೇನು ಬಂತು? ಎಲ್ಲಾ ಒಂದ ಅದಾವಲ್ಲ ಯವ್ವಾ."

ಅವ್ವ ಬಗ್ಗಿ ನೋಡಿದಳು. ಎಂಟನ್ನೂ ಬೆರಳಿಟ್ಟು ಎಣಿಸಿದಳು. ನಾನು ಗೆದ್ದವಳಂತೆ ಬೀಗಿದೆ. ಆಮೇಲೆ ಹೊಳೆಯಿತು: ಹಾಗಾದರೆ ಇಷ್ಟು ವರ್ಷ ಅಪ್ಪ ಹೇಗೆ ಬಿಡಿಸಿದ? ಅವನನ್ನೇ ಕೇಳಿದೆ.

"ಹಿಚುಕಿ ನೋಡ್ತಿದ್ದೆ. ಹಣ್ಣಾದದ್ದು ಮೆತ್ತಗ ಇರ್ತದ, ಹಸೀದು ಬಿರುಸು."

ನಾನೋ ಹಟಮಾರಿ. ಓಢಣಿಯಿಂದ ಅವನ ಕಣ್ಣು ಕಟ್ಟಿ ಮುಂದೆ ಒಂದು ಬುಟ್ಟಿ ಕಾಯಿ ಸುರಿದೆ. ಒಂದೂ ತಪ್ಪದೆ ಎರಡು ಪಾಲು ಮಾಡಿದ. ಅಬ್ಬಾ, ಎಂಥ ಬೆರಳುಗಳು! ನನ್ನ ನಕ್ಷೆಗಿಂತ ಹೆಚ್ಚು ಬೆರಗು ಆ ದಿನ ಅವುಗಳ ಮೇಲೆ ಹುಟ್ಟಿತು.

"ಮತ್ತ ಈ ಸಲ ಏನಾತು?"

ಅಪ್ಪ ಓಢಣಿ ಬಿಚ್ಚಿ ಗೋಡೆಯ ಕಡೆ ಕೈ ತೋರಿಸಿದ. ಅಲ್ಲಿ ಮೊಳೆಗೆ ದಪ್ಪ ರಬ್ಬರಿನ ಕೈಗವಸುಗಳು ನೇತಾಡುತ್ತಿದ್ದವು. ಖಾರಕ್ಕೆ ಕೈ ಉರಿಯದಿರಲೆಂದು ದೀಪಾವಳಿಗೆ ರಾಯಚೂರಿನಿಂದ ನಾನೇ ತಂದುಕೊಟ್ಟಿದ್ದೆ.

"ತೆಗದು ಒಗೀಬೇಕಿಲ್ಲೇನ ಯಪ್ಪಾ!"

"ನೀ ತಂದಿದ್ದಲ್ಲ ಯವ್ವಾ, ಹ್ಯಾಂಗ ಒಗೀಲಿ?"

ಮರುದಿನ ಬೆಳಿಗ್ಗೆ ಅವ್ವ ಆ ಗವಸುಗಳನ್ನು ನನ್ನ ಚೀಲಕ್ಕೆ ತುರುಕಿದಳು. ಆಮೇಲೆ ಹೊಲಕ್ಕೆಂದು ಎರಡು ಬುತ್ತಿ ಕಟ್ಟಿ ಅಪ್ಪನನ್ನು ಕರೆದಳು.

"ಏಳ್ರಿ, ಹೊತ್ತಾತು. ನಿಧಾನ ಬಿಡಿಸಿದ್ರೂ ನಡೀತದ."