ಸಾಣಾಪುರದ ಕೆರೆಯಲ್ಲೊಂದು ಸೊನ್ನೆ

ಸಾಣಾಪುರದ ಕೆರೆಯಲ್ಲಿ ಹರಿಗೋಲು ಮೆಲ್ಲಗೆ ಸುತ್ತುತ್ತಿತ್ತು. ಒರಗಿಕೊಂಡು ನೋಡುತ್ತಿದ್ದೆ: ಬಂಡೆಗುಡ್ಡ, ಮೋಡ, ಮತ್ತೆ ಅದೇ ಬಂಡೆಗುಡ್ಡ. ಆಕಾಶವೇ ತೊಟ್ಟಿಲಾದಂತಿತ್ತು. ಆ ಮಂಪರಿನಲ್ಲೂ ನನ್ನ ವಿಜ್ಞಾನದ ಮಾಸ್ತರಿಕೆ ಸುಮ್ಮನಿರಲಿಲ್ಲ. ಹುಟ್ಟು ಹಾಕುತ್ತಿದ್ದ ಹುಸೇನಸಾಬರಿಗೆ ಹೇಳಿದೆ: “ಹೊಂಟಲ್ಲಿಗೇ ತಿರುಗಿ ಬಂದ್ವಿ. ನಮ್ಮ ವಿಜ್ಞಾನದ ಲೆಕ್ಕದಾಗ ನೀವು ಮಾಡಿದ ಕೆಲಸ ಸೊನ್ನಿರಿ.”

ಅವರು ನಕ್ಕು ಹುಟ್ಟನ್ನು ನನ್ನ ಕೈಗಿತ್ತರು. “ಹಂಗಾದ್ರ ಒಂದ್ ಸುತ್ತು ನೀವ ಹಾಕ್ರಿ ಸರ. ನೀರಿಗೆ ನಿಮ್ಮ ಲೆಕ್ಕ ಗೊತ್ತಿಲ್ಲ, ದಾರಿ ತುಂಬ ತಡೀತೈತಿ.”

ಅರ್ಧ ಸುತ್ತಿಗೇ ರಟ್ಟೆಗಳು ಸೋತವು. ಹೌದಲ್ಲ, ತಡೆಯುವ ನೀರನ್ನು ತಳ್ಳಿದಷ್ಟೂ ಕೆಲಸವೇ! ಇಷ್ಟು ವರ್ಷ ಪರೀಕ್ಷೆಯಲ್ಲಿ ಇಂಥ ಪ್ರಶ್ನೆಗೆ ಸೊನ್ನೆ ಎಂದು ಬರೆದ ಮಕ್ಕಳಿಗೇ ಪೂರ್ತಿ ಅಂಕ ಕೊಟ್ಟಿದ್ದೆ.

ಮರುದಿನ ಕುಷ್ಟಗಿಯ ಸಾಲಿಯಲ್ಲಿ, ಹಿಂದಿನ ಪಾಠದಲ್ಲಿ ಹಲಗೆಯ ಮೇಲೆ ನಾನೇ ಬರೆದಿದ್ದ ಆ ಸೊನ್ನೆಯನ್ನು ಅಳಿಸಲು ಹೋದೆ. ಹುಟ್ಟು ಹಾಕಿದ ನೋವಿಗೆ ಕೈ ಮೇಲೇಳಲಿಲ್ಲ.