ಡಾಕ್ಟರರ ಒಣ ರೊಟ್ಟಿ

ಮೊನ್ನೆ ಸೊಸೆ ಬೆಣ್ಣೆ ಕಾಸುತ್ತಿದ್ದಳು. ತುಪ್ಪದ ಘಮ ಪಡಸಾಲೆಗೆ ಬಂದದ್ದೇ ತಡ, ನನಗೆ ನಗು ತಡೆಯಲಾಗಲಿಲ್ಲ. ಮುದುಕಿಗೆ ಏನಾಯಿತೋ ಎಂದು ಅವಳು ಓಡಿ ಬಂದಳು. ನಿಜಾಮರ ಕಾಲದಲ್ಲಿ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ ಡಾಕ್ಟರರು ನೆನಪಾದರು ಎಂದೆ. ತುಪ್ಪಕ್ಕೂ ಅವರಿಗೂ ಏನು ಸಂಬಂಧ ಎಂದಳು. ಇತ್ತು, ಬಹಳ ಇತ್ತು...

ನಾನಾಗ ಕಲಬುರಗಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಸದಾಗಿ ಟೀಚರಾಗಿದ್ದೆ. ಡಾಕ್ಟರರು ಹೈದರಾಬಾದಿನಲ್ಲಿ ಓದಿ ಬಂದ ಒಂಟಿ ಮನುಷ್ಯ. ಊಟ ನಮ್ಮಲ್ಲೇ. ಒಂದು ಕಡೆ ಕೂತವರಲ್ಲ, ನಿಂತವರಲ್ಲ. ‘ಎ’ ಜೀವಸತ್ವದ ಹುಚ್ಚು ಅವರಿಗೆ. ಅದು ಕಡಿಮೆಯಾದರೆ ಹೊತ್ತು ಮುಳುಗಿದ ಮೇಲೆ ಕಣ್ಣು ಕಾಣುವುದಿಲ್ಲವಂತೆ. ಆಗ ನಮ್ಮ ಕಡೆ ವಾರದ ರಜೆ ಶುಕ್ರವಾರ, ಅಂಥದೊಂದು ರಜೆಯಲ್ಲಿ ನನ್ನನ್ನೂ ಅಪ್ಪನನ್ನೂ ಆಸ್ಪತ್ರೆಗೆ ಕರೆದೊಯ್ದರು. ಆಡಿನ ಯಕೃತ್ತಿನಿಂದ ತೆಗೆದ ರಸಕ್ಕೆ ಏನೋ ದ್ರಾವಣ ಹಾಕಿದ್ದೇ ಗಾಜಿನ ನಳಿಗೆಯಲ್ಲಿ ಕಡು ನೀಲಿ ಎದ್ದು ಬಂತು! ಆಮೇಲೆ ಅಪ್ಪನ ರಕ್ತದ ತಿಳಿಗೆ ಹಾಕಿದರು. ತೆಳು ನೀಲಿ ಬಂತು, ನೋಡುನೋಡುತ್ತ ಮಾಯವೂ ಆಯಿತು. ನೀಲಿ ಎಷ್ಟು ಗಾಢವೋ ಜೀವಸತ್ವ ಅಷ್ಟು ಎಂದು ವಿವರಿಸಿದರು. ನಾನು ಟೀಚರೆಂಬುದನ್ನು ಮರೆತು ಚಪ್ಪಾಳೆ ತಟ್ಟಿಬಿಟ್ಟೆ.

ಆದರೆ ಅವರನ್ನು ಕಾಡುತ್ತಿದ್ದ ಪ್ರಶ್ನೆ ಬೇರೆ. ದೇಹ ಈ ಜೀವಸತ್ವವನ್ನು ಯಕೃತ್ತಿನಲ್ಲಿ ಕೂಡಿಡುತ್ತದೆ. ಅಲ್ಲಿ ತಳ ಕಾಣುವವರೆಗೂ ರಕ್ತ ಮಾತ್ರ ಎಲ್ಲ ಸರಿಯಿದೆ ಎಂದೇ ಹೇಳುತ್ತಿರುತ್ತದೆ ಎಂಬುದು ಅವರ ಅನುಮಾನ. ಸತ್ತವರ ಯಕೃತ್ತನ್ನಾದರೆ ಪರೀಕ್ಷಿಸಬಹುದು. ಪರೀಕ್ಷಿಸುತ್ತಲೂ ಇದ್ದರು, ಅವ್ವನ ಕಿವಿಗೆ ಇದು ಬಿದ್ದರೆ ಕೋಣೆ ಖಾಲಿ ಮಾಡಿಸುತ್ತಾಳೆಂದು ಅಪ್ಪ ನನ್ನ ಬಾಯಿ ಕಟ್ಟಿಹಾಕಿದ್ದ. ಬದುಕಿದ್ದವರದನ್ನು ತಿಳಿಯುವುದು ಹೇಗೆ? ಅದಕ್ಕೆ ತಾವೇ ಪ್ರಯೋಗಕ್ಕೆ ಕೂತರು. ಆ ಜೀವಸತ್ವ ಇರುವ ಹಾಲು, ತುಪ್ಪ, ಸೊಪ್ಪು, ಗಜ್ಜರಿ ಅಂದರೆ ಕ್ಯಾರೆಟ್, ಕೊನೆಗೆ ಕೆಂಪು ಮೆಣಸಿನಕಾಯಿ ಕೂಡ ಬಂದ್. ಒಣ ಜೋಳದ ರೊಟ್ಟಿ, ಬದನೆಕಾಯಿ, ಬ್ಯಾಳಿ, ಅಷ್ಟೇ. ತಮ್ಮ ಕಣ್ಣು ಮಂಜಾಗುವವರೆಗೂ ಹೀಗೆ ಉಂಡು, ರಕ್ತದ ನೀಲಿ ಯಾವಾಗ ಇಳಿಯುತ್ತದೆ ಎಂದು ನೋಡುವ ಹಟ. ಶುರುವಿಗೆ ಮನೆಮಂದಿಯ ರಕ್ತವನ್ನೂ ನೋಡಿದರು. ಅವರದೂ ಅವ್ವನದೂ ಒಂದೇ ನೀಲಿ.

ತಿಂಗಳುಗಳು ಉರುಳಿದವು. ನೀಲಿ ಇಳಿಯಲಿಲ್ಲ, ಕಣ್ಣೂ ಮಂಜಾಗಲಿಲ್ಲ. ಯಕೃತ್ತು ಎಂಥ ಉಗ್ರಾಣ ನೋಡಿರಿ ಎಂದು ಡಾಕ್ಟರರು ಮನೆಯೆಲ್ಲ ಕುಣಿದಾಡುತ್ತಿದ್ದರು. ನಮಗೂ ಅದರ ಗುಂಗು ಹತ್ತಿತು.

ಅಷ್ಟರಲ್ಲಿ ಕಮಲಾಪುರದ ರೈತರ ರಕ್ತ ನೋಡಬೇಕೆಂದು ಹೊರಟರು. ಅದು ಅವ್ವನ ತವರು, ನಾವೂ ಜೊತೆಗೆ ಹೋದೆವು. ಅಜ್ಜಿ ಕೆಂಪು ಬಾಳೆಹಣ್ಣಿನ ಚಿಪ್ಪನ್ನೇ ಮುಂದಿಟ್ಟಳು. ಡಾಕ್ಟರರು ಕೈಮುಗಿದು ಬೇಡವೆಂದರು. ಅಜ್ಜಿ ಅವ್ವನ ಕಡೆ ತಿರುಗಿ, “ಸಾಹೇಬರ ಸಲುವಾಗಿ ಕಳಸೋ ತುಪ್ಪ ಸಾಲ್ತದೇನು ತಂಗಿ, ಇನ್ನೊಂದು ಗಡಗಿ ಒಯ್ತೀಯೇನು?” ಎಂದು ಕೇಳಿದಳು.

ಅವ್ವ ತಲೆ ತಗ್ಗಿಸಿದಳು. ಮನೆಯಲ್ಲಿ ಉಣ್ಣಲು ಕೂತವರ ತಾಟಿಗೆ ತುಪ್ಪ ಬೀಳದಿದ್ದರೆ ಅವಳ ಜೀವ ತಡೆಯುತ್ತಿರಲಿಲ್ಲ. ದಿನಾ ಬ್ಯಾಳಿಯಲ್ಲಿ ಕಲಸಿಯೇ ಬಡಿಸಿದ್ದಳು. ಆ ನೀಲಿ ಪರೀಕ್ಷೆಯ ದ್ರಾವಣದಲ್ಲಿದ್ದ ಕ್ಲೋರೋಫಾರ್ಮ್ ಮೂಸಿ ಮೂಸಿ ಡಾಕ್ಟರರ ಮೂಗು ಸತ್ತಿತ್ತು, ಊಟದ ಮೇಲೆ ಲಕ್ಷ್ಯವಂತೂ ಮೊದಲೇ ಇರಲಿಲ್ಲ. ಅಷ್ಟು ತಿಂಗಳ ಕೆಲಸ ನೀರುಪಾಲು. ಡಾಕ್ಟರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮತ್ತೆ ಮೊದಲಿನಿಂದ ಶುರು ಮಾಡೋಣ, ಈ ಸಲ ಮೋಸ ಬೇಡ ಎಂದರು. ಅವ್ವ ಕೊರಳಿನ ಲಿಂಗ ಮುಟ್ಟಿ ಮಾತು ಕೊಟ್ಟಳು.

ಮಾತು ಉಳಿಸಿಕೊಂಡಳು ಕೂಡ. ಎಷ್ಟೋ ತಿಂಗಳ ಮೇಲೆ ಒಂದು ದಿನ, ಹೊತ್ತು ಆಗತಾನೇ ಮುಳುಗಿತ್ತು. ಡಾಕ್ಟರರು ಅಂಗಳದಲ್ಲಿ ಉಳಿದ ಬೆಳಕಿನಲ್ಲೇ ಏನೋ ಓದುತ್ತಿದ್ದರು. ನೀರಿನ ಕೊಡ ಹೊತ್ತು ಬಂದ ಅವ್ವ ಒರಳುಕಲ್ಲು ಎಡವಿ ಬಿದ್ದಳು. ಕೊಡ ಅವಳ ಎದುರಿಗೇ ಉರುಳಿತ್ತು, ಅವಳು ಮಾತ್ರ ನೆಲವೆಲ್ಲ ತಡಕಾಡುತ್ತಿದ್ದಳು. ಡಾಕ್ಟರರು ಅವಳನ್ನು ಎಬ್ಬಿಸಿ ಕೂರಿಸಿ, ಈಚೆಗೆ ಏನು ಉಣ್ಣುತ್ತಿದ್ದೀರಿ ಎಂದು ಕೇಳಿದರು.

“ನೀವು ಒಣಾ ರೊಟ್ಟಿ ತಿನ್ನಾಕತ್ತಾಗ ನನ್ನ ಗಂಟಲದಾಗ ತುಪ್ಪ ಹ್ಯಾಂಗ ಇಳಿತದರೀ?” ಎಂದಳು ಅವ್ವ.

ಅವರು ಬಿಟ್ಟಿದ್ದನ್ನೆಲ್ಲ ಅವಳೂ ಲಿಂಗ ಮುಟ್ಟಿ ಮಾತು ಕೊಟ್ಟ ದಿನದಿಂದಲೇ ಬಿಟ್ಟಿದ್ದಳು, ಯಾರಿಗೂ ಹೇಳದೆ.

ಡಾಕ್ಟರರು ನನ್ನ ಕೈ ಹಿಡಿದುಕೊಂಡು ಒಂದೇ ಉಸಿರಿನಲ್ಲಿ ಹೇಳಿದರು: ಅಂದು ಇಬ್ಬರ ರಕ್ತವೂ ಒಂದೇ ನೀಲಿ, ಆಮೇಲೆ ಇಬ್ಬರ ಊಟವೂ ಒಂದೇ. ಆದರೆ ಸಾಲು ಬಾಣಂತನ ಕಂಡ ಅವ್ವನ ಉಗ್ರಾಣದಲ್ಲಿ ಮೊದಲೇ ಏನೂ ಉಳಿದಿರಲಿಲ್ಲ, ರಕ್ತ ಅದನ್ನು ಹೇಳಿರಲಿಲ್ಲ. ಅನುಮಾನ ನಿಜವಾಗಿತ್ತು! ಇನ್ನು ತಮ್ಮ ಕಣ್ಣೂ ಮಂಜಾಗುವ ತನಕ ತಡೆದುಕೊಂಡರೆ ಸಾಕು, ಲೋಕದ ಮುಂದೆ ಇಡಬಹುದು ಎಂದರು.

ಅವ್ವ ಮಾತ್ರ ಹಟ ಬಿಡಲಿಲ್ಲ. ಕಣ್ಣಿಗೆ ಮದ್ದೆಂದು ಮೀನೆಣ್ಣೆಯ ಹೆಸರೆತ್ತಿದರೆ ಮುಖ ತಿರುಗಿಸಿದಳು. ತುಪ್ಪವನ್ನೂ ಮುಟ್ಟುವುದಿಲ್ಲ, ಸಾಹೇಬರ ವ್ರತ ಮುಗಿದ ಮೇಲೆಯೇ ತನ್ನದು ಮುಗಿಯುವುದು ಎಂದಳು. ಅಪ್ಪ ಗದರಿದ, ನಾನು ಅತ್ತೆ. ಪ್ರಯೋಜನವಾಗಲಿಲ್ಲ.

ಡಾಕ್ಟರರು ಅಡುಗೆಮನೆಗೆ ಬಂದು ಮಣೆಯ ಮೇಲೆ ಕೂತು ತಾಟು ಮುಂದೆ ಮಾಡಿದರು.

“ತುಪ್ಪ ಹಾಕ್ರಿ ಅವ್ವಾ. ಮೊದಲ ನನಗ ಹಾಕ್ರಿ.”

ಮೂರನೆಯ ಸಲ ಪ್ರಯೋಗಕ್ಕೆ ಕೂರಲು ಅವರಿಗೆ ಪುರಸೊತ್ತು ಸಿಗಲಿಲ್ಲ. ಹೈದರಾಬಾದಿಗೆ ವರ್ಗವಾಯಿತು, ಕೆಲವು ವರ್ಷಗಳಲ್ಲಿ ಅಲ್ಲೇ ತೀರಿಕೊಂಡರೆಂದು ಸುದ್ದಿ ಬಂತು. ಈಗ ಅವರೂ ಇಲ್ಲ, ಅವ್ವನೂ ಇಲ್ಲ. ಆ ಸಂಜೆ ಕಂಡದ್ದನ್ನು ಹೇಳಲು ಉಳಿದವಳು ನಾನೊಬ್ಬಳೇ. ಅವರ ಕೆಲಸ ಎಲ್ಲಿಯೂ ಅಚ್ಚಾಗಲಿಲ್ಲ. ಅವ್ವ ಮಾತ್ರ ಸಾಯುವ ತನಕ ಸಂಜೆ ಹೊತ್ತು ದೀಪವಿಲ್ಲದೆ ಹಿತ್ತಲಿಗೆ ಹೋಗಿ ಬರುತ್ತಿದ್ದಳು.